ಮೇಲೆ ಮಸೀದಿ, ಕೆಳಗೆ ಅಂಗಡಿ



ಇವತ್ತು ನಿಮ್ಮನ್ನು ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ, ಟರ್ಕಿಯ ಇಸ್ತಾಂಬುಲ್‌ಗೆ. ಅಲ್ಲಿನ ಒಂದು ಪೇಟೆಬೀದಿಯಲ್ಲಿ ಸುಮಾರು 460 ವರ್ಷದಿಂದ ನಿಂತಿರುವ ಒಂದು ಮಸೀದಿಯ ಕಥೆ ಹೇಳಬೇಕು. ಮಸೀದಿ ಅಂದ ತಕ್ಷಣ ಕೆಲವರ ಕೈ ರಿಮೋಟ್ ಕಡೆ ಹೋಗಿರುತ್ತೆ, ಗೊತ್ತು. ಆ ಪದ ಬಂದರೆ ಸಾಕು, ಟಿವಿ ಪರದೆ ಮೇಲೆ ಆರು ಕಿಟಕಿ ತೆರೆದು ಆರು ಜನ ಕೂಗಾಡೋದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಇವತ್ತು ಪ್ಯಾನೆಲ್ ಇಲ್ಲ. ಒಂದು ಕಟ್ಟಡ, ಅದನ್ನು ಕಟ್ಟಿಸಿದವನು, ಕಟ್ಟಿದವನು, ಆಮೇಲೆ ಅದನ್ನು ಉಳಿಸಿಕೊಂಡು ಬಂದವರು, ಇಷ್ಟೇ ವಿಷಯ. ನನ್ನ ಪ್ರಶ್ನೆಯೂ ಒಂದೇ. ಒಂದು ಕಟ್ಟಡ 460 ವರ್ಷ ನಿಲ್ಲಬೇಕಾದರೆ ಆ ಖರ್ಚನ್ನು ಯಾರು ಕೊಡ್ತಾರೆ?

ಮಸೀದಿಯ ಹೆಸರು ರುಸ್ತೆಮ್ ಪಾಷಾ ಮಸೀದಿ. ಹಳೇ ಇಸ್ತಾಂಬುಲ್‌ನಲ್ಲಿ ಗೋಲ್ಡನ್ ಹಾರ್ನ್ ಅನ್ನೋ ಕಡಲ ಕವಲಿನ ದಡಕ್ಕೆ ಹತ್ತಿರ, ತಹ್ತಾಕಲೆ ಅನ್ನೋ ಕಡೆ ಇದೆ. ಪಕ್ಕದಲ್ಲೇ ಪ್ರವಾಸಿಗರು ಮುಗಿಬೀಳುವ ಮಸಾಲೆ ಮಾರುಕಟ್ಟೆ. ನಮ್ಮ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಣ್ಣ ಮುಂದೆ ತಂದ್ಕೊಳ್ಳಿ. ತಳ್ಳುಗಾಡಿ, ಹೊರೆ ಹೊತ್ತ ಹಮಾಲಿಗಳು, ಕಾಫಿ ಪುಡಿ ಹುರಿಯುವ ವಾಸನೆ, ಚೌಕಾಸಿ. ಇದರ ನಡುವೆ ನಿಂತು ಮಸೀದಿ ಎಲ್ಲಿದೆ ಅಂತ ಹುಡುಕಿದರೆ ಕಾಣಲ್ಲ. ಯಾಕಂದ್ರೆ ನೀವು ಅದರ ಬುಡದಲ್ಲೇ ನಿಂತಿರ್ತೀರಿ. ಬೀದಿಮಟ್ಟದಲ್ಲಿ ಇರೋದೆಲ್ಲ ಕಮಾನು ಚಾವಣಿಯ ಅಂಗಡಿಗಳು, ಗೋದಾಮುಗಳು. ಅಂಗಡಿ ಸಾಲಿನ ಮಧ್ಯೆ ಒಂದು ಸಣ್ಣ ಬಾಗಿಲು, ಒಳಗೆ ತಿರುವುಳ್ಳ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಹತ್ತಿದರೆ ಒಮ್ಮೆಲೇ ಆಕಾಶ ತೆರೆದುಕೊಳ್ಳುತ್ತೆ. ವಿಶಾಲವಾದ ಒಂದು ಜಗಲಿ, ಐದು ಪುಟ್ಟ ಗುಮ್ಮಟಗಳ ಮೊಗಸಾಲೆ, ಅದರ ಮುಂದೆ ಇಳಿಜಾರು ಸೂರಿನ ಇನ್ನೊಂದು ಸಾಲು. ಬೀದಿಯ ಗದ್ದಲ ಕೆಳಗೇ ಉಳಿದಿರುತ್ತೆ.

ಮೇಲೆ ದೇವರು, ಕೆಳಗೆ ವ್ಯಾಪಾರ. ಕೇಳೋಕೆ ಒಂಥರಾ ಅನ್ನಿಸಬಹುದು. ಆದರೆ ಈ ಕಟ್ಟಡ ನಿಂತಿರುವ ಗುಟ್ಟೇ ಅಲ್ಲಿದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಪದ. ಇಸ್ತಾಂಬುಲ್‌ನಲ್ಲಿ ಕೇರಿ, ಬಡಾವಣೆಗೆ ‘ಮಹಲ್ಲೆ’ ಅಂತಾರೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮೈಸೂರಿನವರಿಗೆ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ ಗೊತ್ತಿರುತ್ತೆ. ಅದೇ ಅರಬ್ಬಿ ಮೂಲದ ಪದ ಅಲ್ಲಿಗೂ ಹೋಯಿತು, ಇಲ್ಲಿಗೂ ಬಂತು. ಆಟೋಮನ್ ಕಾಲದಲ್ಲಿ ಮುಸ್ಲಿಮರ ಒಂದು ಮಹಲ್ಲೆ ಹುಟ್ಟುತ್ತಿದ್ದದ್ದೇ ಒಂದು ಸಣ್ಣ ಮಸೀದಿಯ ಸುತ್ತ. ಎಷ್ಟೋ ಮಹಲ್ಲೆಗಳಿಗೆ ಆ ಮಸೀದಿ ಕಟ್ಟಿಸಿದವರದ್ದೇ ಹೆಸರು. ಅಲ್ಲಿನ ಇಮಾಮ್ ಕೆಲಸ ನಮಾಜಿಗೆ ಮುಗೀತಾ ಇರಲಿಲ್ಲ. ಕೇರಿಗೆ ಹೊಸದಾಗಿ ಯಾರು ಬಂದರು, ಯಾರಿಗೆ ಯಾರು ಜಾಮೀನು, ತೆರಿಗೆಯ ಪಾಲು ಯಾರಿಗೆಷ್ಟು, ಇದೆಲ್ಲಾ ಅವನೇ ನೋಡ್ಕೋಬೇಕು. ಒಂಥರಾ ಪುರೋಹಿತ, ಶಾನುಭೋಗ, ವಾರ್ಡ್ ಮೆಂಬರ್ ಮೂವರೂ ಒಬ್ಬನೇ. 1829ರಲ್ಲಿ ಸರ್ಕಾರ ‘ಮುಹ್ತಾರ್’ ಅನ್ನೋ ಬೇರೆ ಹುದ್ದೆ ತಂದ ಮೇಲೆ ಇಸ್ತಾಂಬುಲ್‌ನ ಇಮಾಮರಿಂದ ಆ ಅಧಿಕಾರ ಕೈತಪ್ಪಿತು. ಹಾಗಾಗಿ ಕೇರಿಯ ಮಸೀದಿ ಅಂದರೆ ಆ ಕಾಲಕ್ಕೆ ಪ್ರಾರ್ಥನೆಯ ಜಾಗವೂ ಹೌದು, ಆ ಬೀದಿಯ ಆಡಳಿತ ಕಚೇರಿಯೂ ಹೌದು.

ತಹ್ತಾಕಲೆಯಲ್ಲೂ ಅಂಥದ್ದೊಂದು ಹಳೇ ಸಣ್ಣ ಮಸೀದಿ ಇತ್ತು, ಹಾಜಿ ಹಲೀಲ್ ಅನ್ನೋರ ಹೆಸರಿನದ್ದು. ಆ ಜಾಗದಲ್ಲೇ ಎದ್ದದ್ದು ಇವತ್ತಿನ ಈ ಕಟ್ಟಡ. ಕಟ್ಟಿಸಿದವನು ಸಾಮಾನ್ಯ ಕೇರಿಯವನಲ್ಲ. ಸುಲ್ತಾನ್ ಸುಲೈಮಾನನ ಪ್ರಧಾನ ವಜೀರ, ಅಷ್ಟೇ ಅಲ್ಲ, ಅವನ ಅಳಿಯ.

ರುಸ್ತೆಮ್ ಪಾಷಾನ ಕಥೆ ಯಾವ ಧಾರಾವಾಹಿಗೂ ಕಡಿಮೆ ಇಲ್ಲ. ಬಾಲ್ಕನ್ ಕಡೆಯ ಕ್ರೈಸ್ತ ಕುಟುಂಬದ ಹುಡುಗ. ದೇವ್‌ಶಿರ್ಮೆ ಅನ್ನೋ ಪದ್ಧತಿಯಲ್ಲಿ ಮನೆಯಿಂದ ಎತ್ತಿಕೊಂಡು ಬಂದು, ಮತಾಂತರಿಸಿ, ಅರಮನೆಯ ಸೇವೆಗೆ ಬೆಳೆಸಿದರು. ಮೇಲೇರುತ್ತಾ ಏರುತ್ತಾ 1539ರಲ್ಲಿ ಸುಲ್ತಾನನ ಮಗಳು ಮಿಹ್ರಿಮಾಳನ್ನೇ ಮದುವೆಯಾದ. ಆ ಮದುವೆ ತಪ್ಪಿಸೋಕೆ ಎದುರಾಳಿಗಳು, ಅವನಿಗೆ ಕುಷ್ಠ ಇದೆ ಅಂತ ಪುಕಾರು ಹಬ್ಬಿಸಿದರಂತೆ. ಪರೀಕ್ಷೆಗೆ ಬಂದ ವೈದ್ಯನಿಗೆ ಅವನ ಅಂಗಿಯಲ್ಲಿ ಸಿಕ್ಕಿದ್ದು ಒಂದು ಹೇನು. ಕುಷ್ಠ ಇದ್ದವರ ಮೈಮೇಲೆ ಹೇನು ಇರಲ್ಲ ಅಂತ ಆ ಕಾಲದ ನಂಬಿಕೆ. ಸರಿ, ಪಾಸ್! ಅವತ್ತಿಂದ ಜನರ ಬಾಯಲ್ಲಿ ಅವನಿಗೆ ‘ಅದೃಷ್ಟದ ಹೇನು’ ಅಂತ ಅಡ್ಡಹೆಸರು.

ಇಷ್ಟಕ್ಕೇ ಮುಗಿಯಲ್ಲ. 1544ರಲ್ಲಿ ಪ್ರಧಾನ ವಜೀರನಾದ. 1553ರಲ್ಲಿ ಸುಲೈಮಾನ್ ತನ್ನ ಮಗ ಮುಸ್ತಫಾನನ್ನೇ ಕೊಲ್ಲಿಸಿದಾಗ, ಇದರ ಹಿಂದೆ ರುಸ್ತೆಮ್‌ನ ಕೈವಾಡ ಇದೆ ಅಂತ ಸೈನಿಕರು ರೊಚ್ಚಿಗೆದ್ದರು. ಅವನ ಪದವಿ ಹೋಯಿತು. ಎರಡು ವರ್ಷ ಬಿಟ್ಟು ಮತ್ತೆ ಅದೇ ಕುರ್ಚಿಗೆ ಬಂದ! ಖಜಾನೆ ತುಂಬಿಸೋದರಲ್ಲಿ ಪಳಗಿದ ಕೈ. ಅರಮನೆಯ ತೋಟದ ತರಕಾರಿ, ಹೂವು ಕೂಡ ಮಾರಿಸಿ ದುಡ್ಡು ಮಾಡಿದ ಅಂತ ಆಗ ಇಸ್ತಾಂಬುಲ್‌ನಲ್ಲಿದ್ದ ಹ್ಯಾಪ್ಸ್‌ಬರ್ಗ್ ರಾಯಭಾರಿ ಬುಸ್ಬೆಕ್ ಬರೆದಿಟ್ಟಿದ್ದಾನೆ. ಲಂಚದ ಆರೋಪಗಳೂ ಬೆನ್ನಿಗಿದ್ದವು. 1561ರಲ್ಲಿ ತೀರಿಕೊಂಡಾಗ ಅವನು ಆ ಸಾಮ್ರಾಜ್ಯದ ಭಾರೀ ಶ್ರೀಮಂತರಲ್ಲಿ ಒಬ್ಬ. ಅವನ ಹೆಸರಿನ ಈ ಮಸೀದಿ ಪೂರ್ತಿಯಾಗಿದ್ದು ಅವನು ಸತ್ತ ಮೇಲೆ, ಪತ್ನಿ ಮಿಹ್ರಿಮಾಳ ಉಸ್ತುವಾರಿಯಲ್ಲಿ.

ಅಂದ್ರೆ ಇದನ್ನು ಕಟ್ಟಿಸಿದವನು ಸಾಧು ಸಂತ ಅಲ್ಲ. ಅದನ್ನು ಮರೆಮಾಚುವ ಅಗತ್ಯ ನನಗಿಲ್ಲ.

ಇನ್ನು ಕಟ್ಟಿದವನು. ಆತನ ಹೆಸರು ಸಿನಾನ್. ಹುಟ್ಟಿದ್ದು ಅನಟೋಲಿಯಾದ ಕೈಸೇರಿ ಹತ್ತಿರದ ಒಂದು ಹಳ್ಳಿಯಲ್ಲಿ, ಅವನೂ ಕ್ರೈಸ್ತ ಮನೆಯ ಹುಡುಗ, ಅವನೂ ದೇವ್‌ಶಿರ್ಮೆಯಲ್ಲಿ ಬಂದವನು. ಮೊದಲು ಬಡಗಿ, ಆಮೇಲೆ ಸೈನಿಕ, ಆಮೇಲೆ ಸೇನೆಯ ಇಂಜಿನಿಯರ್. ದಂಡಯಾತ್ರೆಯಲ್ಲಿ ಪ್ರುಟ್ ನದಿಗೆ 13 ದಿನದಲ್ಲಿ ಸೇತುವೆ ಹಾಕಿದ್ದನ್ನು ಮುಪ್ಪಿನಲ್ಲಿ ತನ್ನ ಗೆಳೆಯ ಸಾಯಿ ಮುಸ್ತಫಾ ಚೆಲೆಬಿಗೆ ಹೇಳಿ ಬರೆಸಿದ್ದಾನೆ. 50ರ ಆಸುಪಾಸಿನಲ್ಲಿ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾದ. 1588ರಲ್ಲಿ ಸಾಯೋವರೆಗೆ, ಸುಮಾರು 50 ವರ್ಷ, ಆ ಹುದ್ದೆ ಬಿಡಲಿಲ್ಲ. ಅವನ ಲೆಕ್ಕಕ್ಕೆ ಸೇರುವ ಕಟ್ಟಡಗಳು 300ಕ್ಕೂ ಹೆಚ್ಚು. ಮಸೀದಿ ಮಾತ್ರ ಅಲ್ಲ, ಸೇತುವೆ, ಹಮಾಮು, ಆಸ್ಪತ್ರೆ, ಸಾರ್ವಜನಿಕ ಅಡುಗೆಮನೆ, ನಗರಕ್ಕೆ ನೀರು ತರುವ ಮೇಲ್ಗಾಲುವೆ. ರುಸ್ತೆಮ್ ಪಾಷಾ ಮಸೀದಿಯ ಜಗಲಿಯಿಂದ ತಲೆಯೆತ್ತಿ ನೋಡಿದರೆ ಗುಡ್ಡದ ಮೇಲೆ ಕಾಣುವ ಸುಲೈಮಾನಿಯೆ ಮಸೀದಿಯೂ ಅವನದ್ದೇ, 1557ರಲ್ಲಿ ಮುಗಿದದ್ದು.

ಇಲ್ಲಿ ಅವನ ಮುಂದಿದ್ದ ಸಮಸ್ಯೆ ನೋಡಿ. ಜಾಗ ಇಕ್ಕಟ್ಟು. ತಗ್ಗು ಪ್ರದೇಶ. ಮೂರು ಸುತ್ತಲೂ ಪೇಟೆ. ಇಲ್ಲಿ ನೆಲಮಟ್ಟದಲ್ಲಿ ಮಸೀದಿ ಕಟ್ಟಿದರೆ ಬೆಳಕಿಲ್ಲ, ಗಾಳಿಯಿಲ್ಲ, ದೂರದಿಂದ ಕಾಣೋದೂ ಇಲ್ಲ. ಸಿನಾನ್ ಏನು ಮಾಡಿದ? ಮೊದಲು ಕಮಾನುಗಳ ಮೇಲೆ ಒಂದು ಕೃತಕ ನೆಲವನ್ನೇ ಎತ್ತಿದ. ಕೆಳಗೆ ಅಂಗಡಿ, ಮೇಲೆ ಅಂಗಳ, ಅಂಗಳದ ಮೇಲೆ ಮಸೀದಿ. ಒಂದೇ ಏಟಿಗೆ ಬೆಳಕು ಬಂತು, ಗಾಳಿ ಬಂತು, ಕಡಲ ಕಡೆಯಿಂದ ಬರುವ ದೋಣಿಗೂ ಗುಮ್ಮಟ ಕಾಣಿಸಿತು, ಬಾಡಿಗೆಯೂ ಹುಟ್ಟಿತು.

ನಾನು ಇಂಜಿನಿಯರಿಂಗ್ ಓದಿದವನು. ಹಾಗಾಗಿ ಗುಮ್ಮಟ ಅಂದರೆ ನನಗೆ ಮೊದಲು ಕಾಣೋದು ಅದರ ಭಾರ. ಒಂದು ಕಿತ್ತಳೆ ಹಣ್ಣನ್ನು ಅರ್ಧ ಮಾಡಿ, ತೊಳೆ ತೆಗೆದು, ಸಿಪ್ಪೆಯ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ. ನೆತ್ತಿಯನ್ನು ಮೆಲ್ಲಗೆ ಒತ್ತಿ. ಏನಾಗುತ್ತೆ? ಅಂಚು ಹೊರಗೆ ಸರಿಯುತ್ತೆ. ಕಲ್ಲು, ಇಟ್ಟಿಗೆಯ ಗುಮ್ಮಟವೂ ಅಷ್ಟೇ. ಅದು ಕೆಳಕ್ಕೆ ಮಾತ್ರ ಒತ್ತಲ್ಲ, ಹೊರಕ್ಕೂ ತಳ್ಳುತ್ತೆ. ಆ ತಳ್ಳಾಟವನ್ನು ಯಾರಾದರೂ ಹಿಡಿಯಬೇಕು. ಎರಡನೇ ತೊಡಕು: ಗುಮ್ಮಟ ದುಂಡಗಿದೆ, ಕೋಣೆ ಚೌಕಾಕಾರ. ದುಂಡನ್ನು ಚೌಕದ ಮೇಲೆ ಕೂರಿಸೋದು ಹೇಗೆ? ನಮ್ಮ ವಿಜಯಪುರದ ಗೋಳಗುಮ್ಮಟಕ್ಕೂ ಇದೇ ಪ್ರಶ್ನೆ ಎದುರಾಗಿತ್ತು. ಅಲ್ಲಿ ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಹೆಣೆದು ಉತ್ತರ ಕಂಡುಕೊಂಡರು.

ರುಸ್ತೆಮ್ ಪಾಷಾ ಮಸೀದಿಯ ಗುಮ್ಮಟ ಗೋಳಗುಮ್ಮಟದ ಅರ್ಧವೂ ಇಲ್ಲ. ವ್ಯಾಸ ಸುಮಾರು 15 ಮೀಟರ್, ಎತ್ತರ ಹತ್ತಿರ ಹತ್ತಿರ 23 ಮೀಟರ್. ಸಿನಾನ್ ಇಲ್ಲಿ ಗುಮ್ಮಟವನ್ನು ಎಂಟು ಆಧಾರಗಳ ಮೇಲೆ ಕೂರಿಸಿದ. ನಾಲ್ಕು ಬಿಡಿಯಾಗಿ ನಿಂತ ಎಂಟುಮುಖದ ಕಂಬಗಳು, ಇನ್ನು ನಾಲ್ಕು ಗೋಡೆಯಿಂದಲೇ ಹೊರಚಾಚಿದ ಕಂಬಗಳು. ಆ ಎಂಟನ್ನೂ ಸೇರಿಸುವ ಕಮಾನುಗಳು. ನಾಲ್ಕು ಮೂಲೆಗಳಲ್ಲಿ ನಾಲ್ಕು ಅರೆಗುಮ್ಮಟಗಳು, ಅಂದರೆ ಗುಮ್ಮಟದ ತಳ್ಳಾಟವನ್ನು ಹೆಗಲು ಕೊಟ್ಟು ಹಿಡಿಯುವ ನಾಲ್ಕು ಜನ ಇದ್ದ ಹಾಗೆ. ಬಲಕ್ಕೆ, ಎಡಕ್ಕೆ ಉಪ್ಪರಿಗೆ. ಭಾರವೆಲ್ಲ ಕಂಬಗಳಿಗೆ ಹೋದ ಮೇಲೆ ಗೋಡೆಗೆ ಕೆಲಸ ಕಡಿಮೆ. ಕೆಲಸ ಕಡಿಮೆಯಾದ ಗೋಡೆಗೆ ಧಾರಾಳವಾಗಿ ಕಿಟಕಿ ಇಡಬಹುದು. ಒಳಗೆ ನಿಂತವರು ಬೆಳಕು ಎಷ್ಟು ಚೆನ್ನಾಗಿದೆ ಅಂತಾರೆ. ಆ ಬೆಳಕಿನ ಹಿಂದೆ ಇರೋದು ಭಾರದ ಲೆಕ್ಕ.

ಇನ್ನು ಗಾರೆ. ಆಟೋಮನ್ ಕಟ್ಟಡಗಳಲ್ಲಿ ಬಳಸುತ್ತಿದ್ದ ಗಾರೆಗೆ ಹೊರಾಸಾನ್ ಅಂತ ಹೆಸರು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸೋದು. ನಮ್ಮ ಹಳೇ ಮೇಸ್ತ್ರಿಗಳು ಇದನ್ನು ಕೇಳಿದರೆ, ಅಯ್ಯೋ ಇದು ನಮ್ಮ ಸುರ್ಕಿ ಅಲ್ವಾ ಅಂತಾರೆ. ಹೌದು, ಅದೇ ತತ್ವ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಬರೀ ಸುಣ್ಣದ ಗಾರೆ ಗಟ್ಟಿಯಾಗೋಕೆ ಗಾಳಿ ಬೇಕು, ಇಟ್ಟಿಗೆ ಪುಡಿ ಸೇರಿದರೆ ತೇವದಲ್ಲೂ ಗಟ್ಟಿಯಾಗುತ್ತೆ. ಕಡಲ ದಡದ ತಗ್ಗು ಜಾಗಕ್ಕೆ ಇದಕ್ಕಿಂತ ಒಳ್ಳೇದು ಬೇಕಾ? ಜೊತೆಗೆ ಸುಣ್ಣದ ಗಾರೆ ಸಿಮೆಂಟಿನಷ್ಟು ಬಿರುಸಲ್ಲ, ಕಟ್ಟಡ ಸ್ವಲ್ಪ ಅಲುಗಿದರೆ ಸಹಿಸಿಕೊಳ್ಳುತ್ತೆ.

ಆದರೆ ಜನ ಈ ಮಸೀದಿಗೆ ಬರೋದು ಗಾರೆ ನೋಡೋಕಲ್ಲ ಬಿಡಿ, ಹಂಚುಬಿಲ್ಲೆ ನೋಡೋಕೆ. ಇಂದಿನ ಭಾಷೆಯಲ್ಲಿ ಟೈಲ್ಸ್. ಗೋಡೆ, ಕಂಬ, ಮೆಕ್ಕಾ ದಿಕ್ಕು ತೋರುವ ಮಿಹ್ರಾಬ್, ಹೊರಗಿನ ಮೊಗಸಾಲೆ, ಎಲ್ಲಿ ನೋಡಿದರೂ ಇಜ್ನಿಕ್ ಅನ್ನೋ ಊರಿನ ಬಿಲ್ಲೆಗಳು. ಸುಮಾರು 80 ಬಗೆಯ ವಿನ್ಯಾಸ ಲೆಕ್ಕ ಹಾಕಿದ್ದಾರೆ. ಟುಲಿಪ್, ಕಾರ್ನೇಷನ್, ಹಯಸಿಂತ್ ಹೂಗಳು, ಬಾಗಿದ ಉದ್ದನೆ ಎಲೆಗಳು. ಬೆಣಚುಕಲ್ಲಿನ ಪುಡಿ ಹೆಚ್ಚಾಗಿರುವ ಬಿಳಿ ಮೈ, ಅದರ ಮೇಲೆ ಚಿತ್ರ, ಚಿತ್ರದ ಮೇಲೆ ಗಾಜಿನಂಥ ಹೊಳಪಿನ ಲೇಪ. ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರುನೀಲಿ. ಇವೆರಡೂ ಹಳೇ ವಿದ್ಯೆ. ಹೊಸದು ಅಂದರೆ ಕೆಂಪು. ಕಬ್ಬಿಣದ ಅಂಶವಿರುವ ಮಣ್ಣನ್ನು ದಪ್ಪಗೆ ಹಚ್ಚಿ ಸುಟ್ಟಾಗ ಬರುವ ಕೆಂಪು, ಮುಟ್ಟಿದರೆ ಬೆರಳಿಗೆ ಉಬ್ಬು ತಾಗುತ್ತೆ. 1550ರ ದಶಕದ ಹೊತ್ತಿಗೆ ಕೈವಶವಾದ ಆ ಕೆಂಪು ಈ ಮಸೀದಿಯಲ್ಲಿ ಮನಸೋ ಇಚ್ಛೆ ಬಳಕೆಯಾಗಿದೆ.

ಮುಂದೆ ಆ ಇಜ್ನಿಕ್ ಏನಾಯಿತು ಗೊತ್ತಾ? ಅರಮನೆ ಬಿಲ್ಲೆಗಳಿಗೆ ನಿಗದಿ ಮಾಡಿದ ದರವೇ ದರ. ಬಣ್ಣ, ಸೌದೆ, ಕೂಲಿ ಎಲ್ಲಾ ದುಬಾರಿಯಾಗುತ್ತಾ ಹೋಯಿತು, ದರ ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ. 17ನೇ ಶತಮಾನದಲ್ಲಿ ಗುಣಮಟ್ಟ ಕುಸಿಯಿತು, ಕುಲುಮೆಗಳು ಒಂದೊಂದಾಗಿ ಆರಿದವು. ಕಲೆ ಸಾಯೋಕೆ ಯುದ್ಧವೇ ಬೇಕಿಲ್ಲ. ಬಿಲ್ ಪಾಸಾಗದಿದ್ದರೂ ಸಾಕು.

ಈಗ ಆಗಲೇ ಹೇಳಿದ ಗುಟ್ಟಿಗೆ ಬರೋಣ. ಕೆಳಗಿನ ಅಂಗಡಿಗಳು.

ಆಟೋಮನ್ ಶ್ರೀಮಂತರು ಮಸೀದಿ ಕಟ್ಟಿಸಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಅದರ ಜೊತೆ ಆದಾಯದ ಒಂದು ಮೂಲವನ್ನೂ ಬರೆದುಕೊಡಬೇಕಿತ್ತು. ಅಂಗಡಿ, ಹಮಾಮು, ಛತ್ರ, ಹಳ್ಳಿಯ ಕಂದಾಯ, ಯಾವುದಾದರೂ ಆಗಬಹುದು. ಈ ಏರ್ಪಾಟಿನ ಹೆಸರೇ ವಕ್ಫ್. ಹೌದು, ನಮ್ಮಲ್ಲಿ ಈಗ ನಿತ್ಯ ಜಗಳದ ಪದ. ಇವತ್ತು ಆ ಜಗಳಕ್ಕೆ ಹೋಗಲ್ಲ. ಮೂಲದಲ್ಲಿ ಅದೇನು ಅನ್ನೋದು ಮಾತ್ರ ಹೇಳ್ತೀನಿ. ಆಸ್ತಿಯನ್ನು ಮಾರಾಟಕ್ಕೆ, ಉತ್ತರಾಧಿಕಾರಕ್ಕೆ ಸಿಗದ ಹಾಗೆ ಕಟ್ಟಿಹಾಕಿ, ಅದರ ಹುಟ್ಟುವಳಿಯನ್ನು ಮಾತ್ರ ಒಂದು ಉದ್ದೇಶಕ್ಕೆ ಬಿಡೋದು. ಅದಕ್ಕೊಂದು ಪತ್ರ. ಅದರಲ್ಲಿ ಇಮಾಮ್‌ಗೆ ದಿನಕ್ಕೆಷ್ಟು, ದೀಪ ಹಚ್ಚುವವನಿಗೆಷ್ಟು, ಗುಡಿಸುವವನಿಗೆಷ್ಟು, ಬಾಡಿಗೆ ವಸೂಲಿ ಮಾಡುವವನಿಗೆಷ್ಟು, ಎಲ್ಲಾ ಬರೆದಿರೋರು. ದೊಡ್ಡ ವಕ್ಫ್‌ಗಳಲ್ಲಿ ದುರಸ್ತಿಗೆಂದೇ ಸಂಬಳದ ಆಳು ಇರುತ್ತಿದ್ದ.

ನನಗೆ ಅತಿ ಮುಖ್ಯ ಅನ್ನಿಸಿದ ನಿಯಮ ಇದು. ಆಟೋಮನ್ನರು ಪಾಲಿಸಿದ ಹನಫಿ ನ್ಯಾಯಪದ್ಧತಿಯ ಪ್ರಕಾರ ವಕ್ಫ್ ಆದಾಯದ ಮೊದಲ ಖರ್ಚು ದುರಸ್ತಿ. ಕಟ್ಟಿಸಿದವನು ಪತ್ರದಲ್ಲಿ ಬರೆಯದೇ ಹೋದರೂ ದುರಸ್ತಿಗೇ ಮೊದಲ ಹಕ್ಕು. ಸಂಬಳ, ದಾನ, ಊಟ ಎಲ್ಲಾ ಆಮೇಲೆ. ಸೂರು ಸೋರುತ್ತಿದ್ದರೆ ಮೊದಲು ಸೂರು!

ಇದು ನಮಗೆ ಹೊಸದಾ? ಖಂಡಿತ ಅಲ್ಲ. ನಮ್ಮ ಹಳೇ ಕನ್ನಡ ಶಾಸನಗಳನ್ನು ನೋಡಿ. ದೇವಸ್ಥಾನಕ್ಕೋ ಬಸದಿಗೋ ಭೂಮಿ ಬಿಟ್ಟಾಗ ಯಾವ ಕೆಲಸಕ್ಕೆ ಅಂತ ಬರೆಸೋರು. ಪೂಜೆ, ನೈವೇದ್ಯ, ಅನ್ನದಾನದ ಜೊತೆಗೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ. ಒಡೆದದ್ದು, ಬಿರುಕುಬಿಟ್ಟದ್ದು, ಹಳತಾದದ್ದರ ರಿಪೇರಿ. ಕೊನೆಗೆ ಶಾಪಾಶಯ: ಈ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕಪಿಲೆಯನ್ನು ಕೊಂದ ಪಾಪ. ಆಟೋಮನ್ ವಕ್ಫ್ ಪತ್ರಗಳ ಕೊನೆಯಲ್ಲೂ ಅಂಥದ್ದೇ ಶಾಪ ಇರುತ್ತೆ, ಷರತ್ತು ಬದಲಾಯಿಸಿದವನಿಗೆ ದೇವರ, ದೇವದೂತರ ಶಾಪ ತಟ್ಟಲಿ ಅಂತ. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನವರಿಗೂ ಒಂದೇ ಭಯ ಇತ್ತು. ಕಟ್ಟಿಸಿದ ನಾನು ಹೋದ ಮೇಲೆ, ಇದನ್ನು ನೋಡಿಕೊಳ್ಳೋರು ಯಾರು?

ಹಾಗಂತ ವಕ್ಫ್ ಬರೀ ಪುಣ್ಯಕಾರ್ಯ ಅಂತ ನಾನು ಹೇಳಲ್ಲ. ಆ ಕಾಲದ ವಜೀರನಿಗೆ ತಲೆಯೂ ಗ್ಯಾರಂಟಿ ಇಲ್ಲ, ಆಸ್ತಿಯೂ ಗ್ಯಾರಂಟಿ ಇಲ್ಲ. ಸುಲ್ತಾನ ಮುನಿದರೆ ಎರಡೂ ಹೋಗುತ್ತೆ. ವಕ್ಫ್ ಮಾಡಿದ ಆಸ್ತಿಯನ್ನು ಮುಟ್ಟುಗೋಲು ಹಾಕೋದು ಕಷ್ಟ. ಮನೆಯವರನ್ನೇ ಮೇಲ್ವಿಚಾರಕರಾಗಿ ನೇಮಿಸಿದರೆ ಅವರಿಗೂ ಒಂದು ಆದಾಯ. ರುಸ್ತೆಮ್‌ನಂಥ ಲೆಕ್ಕಾಚಾರದ ಮನುಷ್ಯನಿಗೆ ಇದು ಗೊತ್ತಿರಲಿಲ್ಲ ಅಂದ್ಕೊಳ್ಳೋದು ಕಷ್ಟ. ಅವನ ಗಳಿಕೆ ಶುದ್ಧವೋ ಅಶುದ್ಧವೋ ಅನ್ನೋ ಪ್ರಶ್ನೆಯನ್ನು ಬಣ್ಣಬಣ್ಣದ ಬಿಲ್ಲೆಗಳು ಅಳಿಸಿಹಾಕಲ್ಲ. ಆದರೆ ಆ ಹಣಕ್ಕೆ ಅವನು ಹಾಕಿಹೋದ ಬೇಲಿ, ದುರಸ್ತಿಗೆ ಮೊದಲ ಪಾಲು ಅನ್ನೋ ಬೇಲಿ, ಅವನ ಗುಣಕ್ಕಿಂತ ಹೆಚ್ಚು ಕಾಲ ಬಾಳಿತು. ಒಳ್ಳೆಯವರು ಬರಲಿ ಅಂತ ಕಾಯುವ ವ್ಯವಸ್ಥೆಗಿಂತ, ಕೆಟ್ಟವರು ಬಂದರೂ ಓಡುವ ವ್ಯವಸ್ಥೆ ಮೇಲು. ಇಂಜಿನಿಯರಿಂಗ್ ಕಾಲೇಜಲ್ಲಿ ಯಂತ್ರಗಳ ಬಗ್ಗೆ ಹೇಳಿಕೊಟ್ಟದ್ದೂ ಇದನ್ನೇ.

ಆ ವ್ಯವಸ್ಥೆಗೆ ಪೆಟ್ಟು ಬೀಳಲಿಲ್ವಾ? ಬಿತ್ತು, ಚೆನ್ನಾಗೇ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. 1660ರ ಬೇಸಿಗೆಯಲ್ಲಿ ಇಸ್ತಾಂಬುಲ್ ಕಂಡ ಭಯಾನಕ ಬೆಂಕಿ ಶುರುವಾಗಿದ್ದೇ ಈ ದಡದ ಕಡೆ. ಮರದ ಮನೆಗಳ ಊರು, ಗಾಳಿ ಬೇರೆ, ನಗರದ ಬಹುಭಾಗ ಸುಟ್ಟುಹೋಯಿತು. ಈ ಮಸೀದಿಗೂ ಹಾನಿಯಾಯಿತು. 1766ರಲ್ಲಿ ಭೂಕಂಪ. ಊರಿನ ದೊಡ್ಡ ಫಾತಿಹ್ ಮಸೀದಿಯ ಗುಮ್ಮಟ ಕುಸಿದು, ಆ ಮಸೀದಿಯನ್ನು ಬೇರೆ ನಕ್ಷೆಯಲ್ಲಿ ಮತ್ತೆ ಕಟ್ಟಬೇಕಾಯಿತು. ರುಸ್ತೆಮ್ ಪಾಷಾ ಮಸೀದಿಯೂ ಏಟು ತಿಂದಿತು, ಮತ್ತೆ ರಿಪೇರಿ ಕಂಡಿತು. 1894ರಲ್ಲಿ ಇನ್ನೊಂದು ಭೂಕಂಪ ನಗರವನ್ನು ನಡುಗಿಸಿತು.

ಬೆಂಕಿಗಿಂತ ಮೆಲ್ಲಗೆ, ಆದರೆ ಆಳವಾಗಿ ಸುಟ್ಟದ್ದು ಇನ್ನೊಂದಿದೆ. ಅಂಗಡಿಗಳು ಸುಟ್ಟುಹೋದಾಗ ಮತ್ತೆ ಕಟ್ಟಿಸೋಕೆ ಎಷ್ಟೋ ವಕ್ಫ್‌ಗಳ ಬಳಿ ದುಡ್ಡಿರಲಿಲ್ಲ. ಆಗ ಬಾಡಿಗೆದಾರನಿಗೇ ಹೇಳೋರು: ನೀನೇ ದೊಡ್ಡ ಮೊತ್ತ ಮುಂಗಡ ಕೊಡು, ಅದರಲ್ಲಿ ಕಟ್ಟಿಸ್ತೀವಿ, ಆಮೇಲೆ ಸಣ್ಣ ಬಾಡಿಗೆ ಕೊಡ್ತಾ ಕಾಯಂ ಆಗಿ ಇದ್ಕೋ. ‘ಎರಡು ಬಾಡಿಗೆ’ ಪದ್ಧತಿ ಅಂತ ಇದಕ್ಕೆ ಹೆಸರು. ಆ ಕ್ಷಣಕ್ಕೆ ಅಂಗಡಿ ಎದ್ದು ನಿಂತಿತು. ಆದರೆ ಆ ಸಣ್ಣ ಬಾಡಿಗೆ ಹಣದುಬ್ಬರದಲ್ಲಿ ಕರಗಿ, ಅಂಗಡಿ ಹೆಸರಿಗೆ ವಕ್ಫ್‌ನದ್ದು, ನಿಜದಲ್ಲಿ ಬಾಡಿಗೆದಾರನದ್ದು ಅನ್ನೋ ಹಾಗಾಯಿತು. ನಮ್ಮಲ್ಲಿ ಯಾವುದೇ ಸಂಘ ಸಂಸ್ಥೆಯ ಅಥವಾ ಪಾಲಿಕೆಯ ಮಳಿಗೆಗಳ ಬಾಡಿಗೆ ಎಷ್ಟು ಅಂತ ವಿಚಾರಿಸಿ ನೋಡಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

1826ರಲ್ಲಿ ಸುಲ್ತಾನ್ ಎರಡನೇ ಮಹಮೂದ್ ವಕ್ಫ್‌ಗಳ ಆಡಳಿತವನ್ನು ಕೇಂದ್ರ ಸರ್ಕಾರದ ಕೈಗೆ ತಗೊಳ್ಳೋಕೆ ಶುರುಮಾಡಿದ. ದುರಾಡಳಿತ ತಪ್ಪಿಸ್ತೀವಿ ಅನ್ನೋದು ಕಾರಣ. ಪರಿಣಾಮ ಏನಾಯಿತು? ಬಾಡಿಗೆ ಕೇರಿಯಲ್ಲಿ ಹುಟ್ಟಿತು, ದುಡ್ಡು ರಾಜಧಾನಿಯ ಖಜಾನೆಗೆ ಹೋಯಿತು, ಕೇರಿಗೆ ವಾಪಸ್ ಬಂದದ್ದು ಕಡಿಮೆ. 1924ರಲ್ಲಿ ಗಣರಾಜ್ಯ ಆ ಸಚಿವಾಲಯವನ್ನೇ ರದ್ದು ಮಾಡಿ ಒಂದು ನಿರ್ದೇಶನಾಲಯ ಮಾಡಿತು. ಇವತ್ತಿಗೂ ಟರ್ಕಿಯ ಐತಿಹಾಸಿಕ ಮಸೀದಿಗಳ ರಿಪೇರಿಯಲ್ಲಿ ಆ ವಕ್ಫ್ ನಿರ್ದೇಶನಾಲಯದ್ದೇ ದೊಡ್ಡ ಪಾತ್ರ. ರುಸ್ತೆಮ್ ಪಾಷಾ ಮಸೀದಿಯನ್ನೂ ಇತ್ತೀಚಿನ ವರ್ಷಗಳಲ್ಲಿ ದೀರ್ಘ ಕಾಲ ಮುಚ್ಚಿ, ದುರಸ್ತಿ ಮುಗಿಸಿ ತೆರೆದಿದ್ದಾರೆ.

ಇದನ್ನೆಲ್ಲಾ ಯಾಕೆ ಇವತ್ತು ಹೇಳ್ತಿದ್ದೀನಿ? 2023ರ ಫೆಬ್ರವರಿ 6 ನಿಮಗೆ ನೆನಪಿರಬಹುದು. ದಕ್ಷಿಣ ಟರ್ಕಿಯಲ್ಲಿ ನಸುಕಿನಲ್ಲಿ 7.8 ತೀವ್ರತೆಯ ಭೂಕಂಪ, ಅದೇ ಮಧ್ಯಾಹ್ನ 7.5ರದ್ದು ಇನ್ನೊಂದು. ಟರ್ಕಿಯೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತರು, ಪಕ್ಕದ ಸಿರಿಯಾದಲ್ಲಿ ಇನ್ನೂ ಸಾವಿರಾರು. ಆ ದೃಶ್ಯಗಳನ್ನು ದಿನಗಟ್ಟಲೆ ನಾವೇ ನಿಮಗೆ ತೋರಿಸಿದ್ವಿ. ಹೊಸ ಅಪಾರ್ಟ್‌ಮೆಂಟ್‌ಗಳು ಇಸ್ಪೀಟ್ ಎಲೆ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಮಲಗಿದ್ದವು.

ಇಲ್ಲಿ ಒಂದು ಸುಳ್ಳು ಪಾಠ ಕಲಿಯೋದು ಬಹಳ ಸುಲಭ: ಹಳೇದೆಲ್ಲ ಗಟ್ಟಿ, ಹೊಸದೆಲ್ಲ ಪೊಳ್ಳು ಅಂತ. ಹಾಗಿಲ್ಲ. ಅಂತಾಕ್ಯದ ಹಬೀಬ್-ಇ ನೆಜ್ಜಾರ್ ಅನ್ನೋ ಐತಿಹಾಸಿಕ ಮಸೀದಿಯೂ ಅವತ್ತು ಕುಸಿಯಿತು. ಕಲ್ಲಿಗೆ ಪುಣ್ಯ ಗೊತ್ತಿಲ್ಲ, ಬಲ ಮಾತ್ರ ಗೊತ್ತು. ಸರಿಯಾಗಿ ಕಟ್ಟಿದ ಆಧುನಿಕ ಕಾಂಕ್ರೀಟ್ ಕಟ್ಟಡ ಇಂಥ ಭೂಕಂಪವನ್ನೂ ತಾಳಿಕೊಳ್ಳುತ್ತೆ. ಆ ವಿದ್ಯೆ ನಮ್ಮ ಬಳಿ ಇದೆ, ಸಿನಾನ್‌ಗಿಂತ ಹೆಚ್ಚೇ ಇದೆ. ಹಾಗಾದರೆ ಕೊರತೆ ಎಲ್ಲಿ? 2018ರಲ್ಲಿ ಟರ್ಕಿ ಸರ್ಕಾರ ಒಂದು ಯೋಜನೆ ತಂದಿತ್ತು. ಅನುಮತಿ ಇಲ್ಲದೆ, ನಿಯಮ ಮೀರಿ ಕಟ್ಟಿದ ಕಟ್ಟಡಗಳ ಮಾಲೀಕರು ಶುಲ್ಕ ಕಟ್ಟಿದರೆ ದಾಖಲೆ ಕೊಡ್ತೀವಿ ಅಂತ. ಕಟ್ಟಡ ಗಟ್ಟಿಯಾಗಲಿಲ್ಲ, ಕಾಗದ ಗಟ್ಟಿಯಾಯಿತು. ಇಂಜಿನಿಯರುಗಳ ಸಂಘಗಳು ಎಚ್ಚರಿಸಿದ್ದವು. ನಮ್ಮ ರಾಜ್ಯದಲ್ಲಿ ಇದಕ್ಕೆ ಏನಂತಾರೆ ಅಂತ ನಾನು ಹೇಳಬೇಕಾ? ಅಕ್ರಮ-ಸಕ್ರಮ. ಪ್ರಾಸ ಚೆನ್ನಾಗಿದೆ. ಆದರೆ ಶುಲ್ಕದ ರಸೀದಿ ಒಂದು ಕಂಬದ ಭಾರವನ್ನೂ ಹೊರಲ್ಲ.

ವೀಕ್ಷಕರೇ, ನಮ್ಮ ಊರುಗಳಲ್ಲಿ ಶಂಕುಸ್ಥಾಪನೆಗೆ ಮಂತ್ರಿ ಬರ್ತಾರೆ, ಉದ್ಘಾಟನೆಗೆ ಮಂತ್ರಿ ಬರ್ತಾರೆ, ನಮ್ಮ ಕ್ಯಾಮೆರಾನೂ ಹೋಗುತ್ತೆ. ಐದನೇ ವರ್ಷ ತಾರಸಿ ಸೋರಿದಾಗ ಯಾರೂ ಬರಲ್ಲ. ಸರ್ಕಾರಿ ಶಾಲೆಯ ಚಾವಣಿ, ಬಸ್ ನಿಲ್ದಾಣದ ಶೌಚಾಲಯ, ಸಮುದಾಯ ಭವನ, ನೀರಿನ ಟ್ಯಾಂಕು, ಎಲ್ಲದಕ್ಕೂ ಕಟ್ಟುವ ದುಡ್ಡಿಗೆ ಒಂದು ಫಲಕ ಇದೆ. ಕಾಪಾಡುವ ದುಡ್ಡಿಗೆ ಕೆಲವು ಕಡೆ ಒಂದು ಸಾಲು ಕೂಡ ಇಲ್ಲ. 16ನೇ ಶತಮಾನದ ಒಬ್ಬ ಅಪಖ್ಯಾತಿಯ ವಜೀರನ ಹೆಸರಿನ ಕಟ್ಟಡಕ್ಕೆ ಅಡಿಪಾಯ ಹಾಕುವಾಗಲೇ, ಆ ಅಡಿಪಾಯದೊಳಗೇ ಅದರ ರಿಪೇರಿ ಖರ್ಚನ್ನು ದುಡಿಯುವ ಅಂಗಡಿಗಳನ್ನು ಇಟ್ಟರು. ಸಿನಾನ್ ಆ ಲೆಕ್ಕವನ್ನು ನಕ್ಷೆಗೆ ಸೇರಿಸಿದ. ಇಂದಿನ ನಮ್ಮ ಎಸ್ಟಿಮೇಟುಗಳಲ್ಲಿ ಆ ಒಂದು ಕಲಂ ಸೇರಿಸೋಕೆ ಏನು ಅಡ್ಡಿ?

ಮುಂದಿನ ಸಲ ನಿಮ್ಮ ವಾರ್ಡಿನಲ್ಲೋ ಪಂಚಾಯಿತಿಯಲ್ಲೋ ಹೊಸ ಕಟ್ಟಡಕ್ಕೆ ಪೂಜೆ ನಡೆಯುವಾಗ, ದೇವಸ್ಥಾನವೇ ಇರಲಿ, ಮಸೀದಿಯೇ ಇರಲಿ, ಅಂಗನವಾಡಿಯೇ ಇರಲಿ, ಹತ್ತಿರ ಹೋಗಿ ಒಂದು ಮಾತು ಕೇಳಿ. ಎಷ್ಟು ಕೋಟಿ ಅಂತ ಕೇಳಬೇಡಿ, ಅದನ್ನು ಅವರೇ ಮೈಕ್‌ನಲ್ಲಿ ಹೇಳ್ತಾರೆ. ಹತ್ತು ವರ್ಷದ ಮೇಲೆ ಇದರ ಸೂರು ಸೋರಿದರೆ ದುಡ್ಡು ಎಲ್ಲಿಂದ ಬರುತ್ತೆ ಸ್ವಾಮಿ, ಅಂತ ಕೇಳಿ. ಉತ್ತರ ಬಂದರೆ ನಮಗೂ ತಿಳಿಸಿ, ಕ್ಯಾಮೆರಾ ಕಳಿಸ್ತೀವಿ.